ಪಿಕಪ್ಪಿನ ಹಿಂಬದಿ ಎತ್ತರಿಸುವ ಮುನ್ನ



ಹೊಲಕ್ಕೆ ಗೊಬ್ಬರ, ಸಂತೆಗೆ ಮಾಲು, ತೋಟಕ್ಕೆ ಔಷಧಿ ನೀರಿನ ಡ್ರಮ್ಮು ಇವನ್ನೆಲ್ಲ ಈಗ ಬಹಳ ಊರುಗಳಲ್ಲಿ ಪಿಕಪ್ಪು ಗಾಡಿಯೇ ಸಾಗಿಸುತ್ತದೆ. ಕೆಲವರು ಅದರ ಹಿಂದೆ ಎರಡು ಚಕ್ರದ ಟ್ರೈಲರನ್ನೂ ಕಟ್ಟುವುದುಂಟು. ಆದರೆ ನಮ್ಮ ಹೊಲದ ದಾರಿಗಳು ನಿಮಗೆ ಗೊತ್ತೇ ಇವೆ. ಕಲ್ಲು, ಕೊರಕಲು, ಮಳೆಗಾಲದ ಚಕ್ರದ ಜಾಡು. ತಳ ತಾಗುತ್ತದೆ ಅಂತ ಗ್ಯಾರೇಜಿಗೆ ಹೋಗಿ, “ಹಿಂದೆ ಸ್ವಲ್ಪ ಎತ್ತರ ಮಾಡಿಕೊಡಪ್ಪಾ” ಎಂದು ಹೇಳುವವರಿದ್ದಾರೆ. ಹಾಗೆ ಎತ್ತರಿಸಿದ ಗಾಡಿ ಟ್ರೈಲರು ಎಳೆಯಲು ತಕ್ಕದ್ದಾಗಿ ಉಳಿಯುತ್ತದೆಯೇ? ಈ ಹೊತ್ತು ಅದನ್ನು ವಿಚಾರ ಮಾಡೋಣ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಿ. ಎತ್ತರ ಬೇರೆ, ಶಕ್ತಿ ಬೇರೆ. ಹಿಂಬದಿ ಎದ್ದು ನಿಂತ ಮಾತ್ರಕ್ಕೆ ಗಾಡಿ ಹೆಚ್ಚು ಹೊರುವುದಿಲ್ಲ, ಹೆಚ್ಚು ಎಳೆಯುವುದೂ ಇಲ್ಲ. ಅಚ್ಚು, ಬ್ರೇಕು, ಟೈರು, ಚಾಸಿ ಎಲ್ಲವೂ ಹಳೆಯವೇ ಅಲ್ಲವೇ?

ಇನ್ನು ಗಾಡಿಯ ಹಿಂದೆ ಬಗ್ಗಿ ನೋಡಿ. ಅಚ್ಚಿನ ಎರಡೂ ಬದಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಕಮಾನುಪಟ್ಟಿಗಳಿವೆ. ಕೆಲವು ಕಡೆ ಇದಕ್ಕೆ ಪಾಟಾ ಎನ್ನುತ್ತಾರೆ. ಹೊರೆಯನ್ನು ತಾಳುವುದೂ ಇದೇ, ಅಚ್ಚು ಅತ್ತಿತ್ತ ಸರಿಯದಂತೆ ಹಿಡಿಯುವುದೂ ಇದೇ. ಹಲವು ವರ್ಷ ದುಡಿದ ಪಟ್ಟಿಯ ಬಾಗು ಇಳಿದು ಚಪ್ಪಟೆಯಾಗಿರುತ್ತದೆ. ಎಷ್ಟೋ ವೇಳೆ ತಳ ತಾಗುವುದಕ್ಕೆ ಕಾರಣ ಇಷ್ಟೇ. ಆಗ ಎತ್ತರಿಸುವ ಮಾತೇ ಬೇಡ. ಕಂಪನಿ ಹೇಳಿದ ಅಳತೆಯ ಹೊಸ ಕಟ್ಟನ್ನು ಎರಡೂ ಬದಿಗೆ ಒಟ್ಟಿಗೇ ಹಾಕಿಸಿದರೆ ಕಳೆದುಹೋದ ಎತ್ತರ ತಾನೇ ಮರಳಿ ಬರುತ್ತದೆ.

ಅದಕ್ಕೂ ಮೀರಿ ಎತ್ತರಿಸಲು ಸಾಮಾನ್ಯವಾಗಿ ಮೂರು ದಾರಿಗಳು.

ಒಂದನೆಯದು, ಅಚ್ಚಿಗೂ ಪಟ್ಟಿಗೂ ನಡುವೆ ದಿಮ್ಮಿ ಇಡುವುದು. ಪಟ್ಟಿ ಅಚ್ಚಿನ ಮೇಲೆ ಕೂತ ಗಾಡಿಗಳಲ್ಲಿ ಹೀಗೆ ಮಾಡುತ್ತಾರೆ. ಖರ್ಚು ಕಡಿಮೆ. ಆದರೆ ಟ್ರೈಲರು ಎಳೆಯುವವರಿಗೆ ಇದರಲ್ಲಿ ತೊಂದರೆಯಿದೆ. ಭಾರ ಎಳೆದು ಹೊರಡುವಾಗ ಅಚ್ಚು ತಿರುಚಿಕೊಳ್ಳಲು ನೋಡುತ್ತದೆ. ಹಾರೆ ಉದ್ದವಾದಷ್ಟೂ ಕಲ್ಲು ಸುಲಭವಾಗಿ ಏಳುವ ಹಾಗೆ, ದಿಮ್ಮಿ ಎತ್ತರವಾದಷ್ಟೂ ಆ ತಿರುಚು ಪಟ್ಟಿಯನ್ನು ಹೆಚ್ಚು ಬಗ್ಗಿಸುತ್ತದೆ. ಹೊರಡುವಾಗ ಹಿಂದೆ ದಡದಡ ಕುಣಿದರೆ ಇದೇ ಕಾರಣವಿರಬಹುದು. ಮರದ ದಿಮ್ಮಿಯಂತೂ ಕೂಡದೇ ಕೂಡದು. ಒಂದರ ಮೇಲೆ ಇನ್ನೊಂದು ದಿಮ್ಮಿಯೂ ಕೂಡದು.

ಎರಡನೆಯದು, ಉದ್ದದ ಶಾಕಲ್. ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿಯೇ ಶಾಕಲ್. ಅದನ್ನು 2 ಅಂಗುಲ ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಅಂಗುಲ. ಅಷ್ಟಕ್ಕೇ ಅಚ್ಚು ಓರೆಯಾಗುತ್ತದೆ, ಹಿಂಬದಿ ಪಕ್ಕಕ್ಕೆ ತೂಗಾಡುವುದೂ ಹೆಚ್ಚುತ್ತದೆ.

ಮೂರನೆಯದು, ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು, ಇಲ್ಲವೇ ಹೆಚ್ಚು ಬಾಗಿನ ಇಡೀ ಕಟ್ಟನ್ನೇ ಬದಲಿಸುವುದು. ಎಳೆಯುವ ಗಾಡಿಗೆ ಮೂರರಲ್ಲಿ ಇದೇ ಮೇಲು. ದಿಮ್ಮಿಯ ತಿರುಚು ಇಲ್ಲಿಲ್ಲ. ಹೊರೆ ಬಿದ್ದಾಗ ಹಿಂಬದಿ ಕುಸಿಯುವುದೂ ಕಡಿಮೆ. ಆದರೆ ಖಾಲಿ ಗಾಡಿ ಬಿರುಸಾಗಿ ಎಗರುತ್ತದೆ. ಕಾಯಿಸಿ ಬಗ್ಗಿಸಿದ, ಬೆಸುಗೆ ಹಾಕಿದ ಪಟ್ಟಿಯನ್ನು ಮಾತ್ರ ಒಪ್ಪಬೇಡಿ. ಕುಡುಗೋಲನ್ನು ಬೆಂಕಿಯಲ್ಲಿ ಬಿಟ್ಟರೆ ಹದ ಹೋಗುವಂತೆ ಪಟ್ಟಿಯ ಹದವೂ ಹೋಗುತ್ತದೆ.

ಯಾವ ದಾರಿ ಹಿಡಿದರೂ ಕೊಂಡಿಯ ವಿಚಾರ ಮರೆಯಬಾರದು. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಟ್ರೈಲರಿನದೂ ಅದೇ ಲೆಕ್ಕ. ಪಿಕಪ್ಪಿನ ಹಿಂಬದಿ 3 ಅಂಗುಲ ಎದ್ದರೆ ಕೊಂಡಿಯೂ ಹೆಚ್ಚುಕಡಿಮೆ ಅಷ್ಟೇ ಏಳುತ್ತದೆ. ಟ್ರೈಲರಿನ ಮೂತಿ ಮೇಲಾಗಿ ಭಾರ ಹಿಂದಕ್ಕೆ ವಾಲುತ್ತದೆ. ವೇಗದಲ್ಲಿ ಹೋಗುವಾಗ ಅದು ಹಾವಿನಂತೆ ಓಲಾಡಿ ಮುಂದಿನ ಗಾಡಿಯನ್ನೂ ಎಳೆದುಹಾಕಬಲ್ಲದು.

ಆದ್ದರಿಂದ ಗಾಡಿ ಎದ್ದಷ್ಟು ಕೊಂಡಿಯನ್ನು ಕೆಳಗಿಳಿಸಿ, ಟ್ರೈಲರು ಮಟ್ಟವಾಗಿ ನಿಲ್ಲುವಂತೆ ಮಾಡಬೇಕು. ಟ್ರೈಲರಿನ ಒಟ್ಟು ತೂಕದಲ್ಲಿ 100ಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲಿರಲಿ. 800 ಕಿಲೋ ಟ್ರೈಲರಿಗೆ 80ರಿಂದ 120 ಕಿಲೋ. ಮಟ್ಟದ ನೆಲದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಟ್ರೈಲರಿನ ಮೂತಿಯನ್ನು ಕೊಂಡಿಯ ಎತ್ತರದಲ್ಲೇ ಮೂಟೆ ತೂಗುವ ತಕ್ಕಡಿಗೆ ಆನಿಸಿದರೆ ಲೆಕ್ಕ ಸಿಕ್ಕಿತು. ನಿಮ್ಮ ಕೊಂಡಿ ತಾಳುವ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಹೊರೆಯನ್ನೇ ಇಳಿಸಿ. ಈ ತೂಕವೂ ಪಿಕಪ್ಪು ಹೊರುವ ಭಾರದಲ್ಲೇ ಸೇರಿತು ಎನ್ನುವುದು ನೆನಪಿರಲಿ.

ಇನ್ನು ಬ್ರೇಕು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು, ಅದಕ್ಕೆ ಸೇರಿದ ಒಂದು ವಾಲ್ವು ಇರುತ್ತದೆ. ಹೊರೆ ಬಿದ್ದು ಚಾಸಿ ಇಳಿದಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಬಲ ಬಿಡುತ್ತದೆ. ಖಾಲಿಯಿದ್ದಾಗ ಕಡಿಮೆ. ಗಾಡಿ ಎತ್ತರಿಸಿ ಈ ಸರಳನ್ನು ಹಾಗೇ ಬಿಟ್ಟರೆ, ತುಂಬಿದ ಗಾಡಿಯನ್ನೂ ವಾಲ್ವು ಖಾಲಿ ಎಂದೇ ತಿಳಿಯುತ್ತದೆ. ಹಿಂದೆ ಟ್ರೈಲರು ನೂಕುತ್ತಿರುವಾಗಲೇ ಹಿಂದಿನ ಬ್ರೇಕು ಸೋಲುತ್ತದೆ. ಇಳಿಜಾರಿನಲ್ಲಿ ಇದು ಜೀವದ ಪ್ರಶ್ನೆ. ತಿಳಿದ ಮೆಕ್ಯಾನಿಕ್ಕಿನಿಂದ ಸರಳನ್ನು ಹೊಸ ಎತ್ತರಕ್ಕೆ ಸರಿಮಾಡಿಸಿ. ಅಚ್ಚು ಪೂರ್ತಿ ಕೆಳಗಿಳಿದಾಗ ಬ್ರೇಕಿನ ರಬ್ಬರು ಪೈಪು ಬಿಗಿಯುತ್ತದೆಯೇ, ಶಾಕ್ ಅಬ್ಸಾರ್ಬರಿನ ಉದ್ದ ಸಾಲುತ್ತದೆಯೇ ನೋಡಿಸಿ. ಶಾಫ್ಟಿನ ಓರೆ ಹೆಚ್ಚಾದರೆ ಅದರ ಕ್ರಾಸು ಬೇಗ ಸವೆಯುತ್ತದೆ. ಗಾಡಿ ನಡುಗಿದರೆ ಉಪೇಕ್ಷೆ ಬೇಡ.

ಪಟ್ಟಿ ಬಿಚ್ಚಿದ ಮೇಲೆ ಹಳೆಯ ಯು ಬೋಲ್ಟುಗಳನ್ನೇ ಮತ್ತೆ ಹಾಕಿಸದೆ ಹೊಸವನ್ನೇ ಹಾಕಿಸಿ. ಸುಮಾರು 100 ಕಿಲೋಮೀಟರು ಓಡಿದ ಮೇಲೆ ಅವುಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಿ. ಟ್ರೈಲರಿಗೆ ಕೊಂಡಿಯ ಜೊತೆಗೆ ಎರಡು ಸರಪಳಿ ಇರಲಿ, ಕೊಂಡಿಯ ಅಡಿಯಲ್ಲಿ ಅಡ್ಡಡ್ಡ ಹಾಯಲಿ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಕಂಪನಿ ನಮೂದಿಸಿದ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅಕ್ರಮವಾಗಿ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ವಿಧಿಸಲಾಯಿತು. ಆದಕಾರಣ ಗ್ಯಾರೇಜಿಗೆ ಹೋಗುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ. ಎಷ್ಟು ಹೊರಬಹುದು, ಎಷ್ಟು ಎಳೆಯಬಹುದು ಎನ್ನುವುದನ್ನು ಆರ್‌ಸಿಯಲ್ಲಿ, ಕಂಪನಿಯ ಪುಸ್ತಕದಲ್ಲಿ ನೋಡಿ.

ತಾಯಂದಿರೇ, ನಿಮಗೊಂದು ಮಾತು. ಜಾತ್ರೆಗೆ, ಮದುವೆಗೆ ಅಂತ ಮಕ್ಕಳನ್ನು ಟ್ರೈಲರಿನ ಮೇಲೆ ಕೂರಿಸಿ ಕಳಿಸಬೇಡಿ. ಎತ್ತರಿಸಿದ ಗಾಡಿ ತಿರುವಿನಲ್ಲಿ ಹೆಚ್ಚು ಬೇಗ ಮಗುಚುತ್ತದೆ. ಟ್ರೈಲರು ಇರುವುದು ಮಾಲಿಗೆ, ಮನುಷ್ಯರಿಗಲ್ಲ.

ಒಟ್ಟಿನಲ್ಲಿ ಹೇಳುವುದು ಇಷ್ಟೇ. ಮೊದಲು ಇಳಿದ ಪಟ್ಟಿಯನ್ನು ಸರಿಮಾಡಿಸಿ. ಎತ್ತರಿಸಲೇಬೇಕಾದರೆ ಅನುಮತಿ ಪಡೆದು, ಬೇಕಾದಷ್ಟೇ ಎತ್ತರಿಸಿ. ಗಾಡಿಯ ಜೊತೆಗೆ ಕೊಂಡಿಯನ್ನೂ ಬ್ರೇಕನ್ನೂ ಹೊಂದಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೊರೆಗೂ ಸಲ್ಲುತ್ತದೆ. ನಾಳೆ ಬೆಳಗ್ಗೆ ಗಾಡಿ ಹೊರಡಿಸುವ ಮುನ್ನ ಒಮ್ಮೆ ಹಿಂದೆ ಬಗ್ಗಿ ನೋಡಿ.