ಹೆತ್ತವರನ್ನು ಹೆಸರಿಸುವ ಮಾತುಗಳು

ಶಾಲಾ ವರ್ಷ ಆರಂಭವಾಗುವ ದಿನಗಳಲ್ಲಿ ರಾಜರಾಜೇಶ್ವರಿನಗರದ ಮನೆಮನೆಗಳಲ್ಲಿಯೂ ಪ್ರವೇಶದ ಅರ್ಜಿಗಳು ಭರ್ತಿಯಾಗುತ್ತವೆ. ಅವುಗಳ ಕೊನೆಯಲ್ಲಿ ‘ಪೋಷಕರ ಸಹಿ’ ಎಂದು ಅಚ್ಚಾಗಿರುತ್ತದೆ. ಉತ್ತರ ಕರ್ನಾಟಕದ ಕಡೆ ‘ಪಾಲಕರು’ ಎಂಬ ಮಾತೇ ಹೆಚ್ಚು ರೂಢಿ. ಸಹಿ ಹಾಕುವ ಅವಸರದಲ್ಲಿ ಈ ಪದಗಳ ಅರ್ಥವನ್ನು ಕುರಿತು ಯೋಚಿಸುವವರು ವಿರಳ. ಆದರೆ ಅವು ನಮ್ಮ ಕುಟುಂಬ ಜೀವನಕ್ಕೆ ಹಿಡಿದ ಕನ್ನಡಿಗಳೇ ಆಗಿವೆ.

‘ಹೆತ್ತವರು’ ಎಂಬುದು ಒಮ್ಮೆ ನಡೆದು ಮುಗಿದ ಸಂಗತಿಯನ್ನು ಹೇಳುತ್ತದೆ. ‘ಪೋಷಕರು’ ಎಂದರೆ ಉಣಿಸಿ ಬೆಳೆಸುವವರು. ‘ಪಾಲಕರು’ ಎಂದರೆ ರಕ್ಷಿಸುವವರು. ಈ ಎರಡು ಕಾರ್ಯಗಳು ಪ್ರತಿದಿನವೂ ಹೊಸದಾಗಿ ನಡೆಯಬೇಕಾದವು. ಆದುದರಿಂದಲೇ ಹೆರದವರೂ ಪೋಷಕರಾಗಬಲ್ಲರು. ಹೆತ್ತವರೂ ಕೆಲವೊಮ್ಮೆ ಪೋಷಕರಾಗದೆ ಉಳಿಯಬಲ್ಲರು. ಸಂತ ಜೋಸೆಫರನ್ನು ನಾವು ಪ್ರಭು ಯೇಸುವಿನ ‘ಸಾಕುತಂದೆ’ ಎಂದು ಕರೆಯುತ್ತೇವೆ. ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಆದರೆ ಶಿಶುವಿನ ಪ್ರಾಣಕ್ಕೆ ಅಪಾಯ ಬಂದಾಗ ರಾತ್ರಿಯಲ್ಲೇ ಎದ್ದು ತಾಯಿ ಮಗುವನ್ನು ಈಜಿಪ್ಟಿಗೆ ಕರೆದೊಯ್ದ ಸಂಗತಿಯನ್ನು ಸಂತ ಮತ್ತಾಯನು ಬರೆದಿದ್ದಾನೆ. ದಿವಂಗತ ಪೋಪ್ ಫ್ರಾನ್ಸಿಸ್ ಅವರು 2020ರ ಡಿಸೆಂಬರ್ 8ರಂದು ಸಂತ ಜೋಸೆಫರನ್ನು ಕುರಿತು ಹೊರಡಿಸಿದ ಪ್ರೇಷಿತ ಪತ್ರದಲ್ಲಿ, ಮಗುವಿನ ಹೊಣೆಯನ್ನು ಹೊರುವುದರಿಂದಲೇ ಒಬ್ಬನು ತಂದೆಯಾಗುತ್ತಾನೆ ಎಂಬ ವಿಚಾರವನ್ನು ವಿವರಿಸಿದ್ದಾರೆ.

ಇನ್ನು ‘ವಾತ್ಸಲ್ಯ’ ಮತ್ತು ‘ಮಮತೆ’. ಇವೆರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ‘ವತ್ಸ’ ಎಂದರೆ ಕರು. ಕರುವನ್ನು ನೆಕ್ಕುವ ಹಸುವಿನ ಪ್ರೀತಿಯೇ ವಾತ್ಸಲ್ಯ. ‘ಮಮ’ ಎಂದರೆ ನನ್ನದು. ನನ್ನದೆಂಬ ಭಾವವೇ ಮಮತೆ. ಮಮತೆಯಿಲ್ಲದೆ ಮನೆಯಿಲ್ಲ, ನಿಜ. ಆದರೆ ‘ನನ್ನ ಮಗು’ ಎಂಬ ಮಾತಿನಲ್ಲಿ ‘ನನ್ನ’ ಎಂಬುದೇ ದೊಡ್ಡದಾದಾಗ, ಮಗುವಿನ ಅಂಕಪಟ್ಟಿಯು ತಂದೆಯ ಪ್ರತಿಷ್ಠೆಯಾಗುತ್ತದೆ. ಅದು ಓದಬೇಕಾದ ವಿಷಯವನ್ನು ನೆರೆಮನೆಯವರ ಮಗ ಸೇರಿದ ಕಾಲೇಜು ನಿರ್ಧರಿಸುತ್ತದೆ. ಸಂತ ಜೋಸೆಫರ ಪ್ರೀತಿಯು ಒಡೆತನದ ಆಸೆಯಿಂದ ಮುಕ್ತವಾಗಿತ್ತೆಂದು ಅದೇ ಪತ್ರವು ನೆನಪಿಸುತ್ತದೆ. ಕರುವು ಎದ್ದು ನಿಂತು ಓಡುವ ತನಕ ನೆಕ್ಕುವ ಹಸುವು ಅದನ್ನು ಓಡಬೇಡವೆಂದು ತಡೆಯುವುದಿಲ್ಲ.

ನಮ್ಮ ನುಡಿಯ ‘ಕಾಯು’ ಎಂಬ ಚಿಕ್ಕ ಕ್ರಿಯಾಪದವಂತೂ ಬಹು ಅರ್ಥವತ್ತಾದುದು. ಕಾಯುವುದೆಂದರೆ ರಕ್ಷಿಸುವುದು, ಕಾಯುವುದೆಂದರೆ ಎದುರುನೋಡುವುದು, ಕಾಯುವುದೆಂದರೆ ಬಿಸಿಯಾಗುವುದು. ಮೊಟ್ಟೆಗಳ ಮೇಲೆ ಕುಳಿತ ಕೋಳಿ ಕೊಡುವುದೂ ‘ಕಾವು’. ಸಂತ ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮತಿಯನ್ನು ಈ ಪದದ ಬೆಳಕಿನಲ್ಲಿ ಓದಬಹುದು. ಮಗನು ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡನು. ದಾರಿಯ ಮೇಲೆ ಕಣ್ಣಿಟ್ಟವನಿಗಲ್ಲದೆ ಇನ್ನಾರಿಗೆ ಹಾಗೆ ಕಂಡೀತು? ಅಲ್ಲಿ ಅವನ ಕನಿಕರವನ್ನು ಹೇಳುವ ಗ್ರೀಕ್ ಕ್ರಿಯಾಪದವು ದೇಹದ ಒಳಾಂಗಗಳನ್ನು ಸೂಚಿಸುವ ಪದದಿಂದ ಹುಟ್ಟಿದೆ. ನಾವು ‘ಹೆತ್ತ ಕರುಳು’ ಎಂದು ತಾಯಿಯನ್ನು ಕುರಿತು ಹೇಳುವ ಮಾತನ್ನು ಸುವಾರ್ತಾಕಾರನು ತಂದೆಗೆ ಸಲ್ಲಿಸಿದಂತಿದೆ. ಕರುಳು ತಾಯಿಗೆ, ಕಟ್ಟುನಿಟ್ಟು ತಂದೆಗೆ ಎಂದು ಹಂಚಿಕೊಂಡಿರುವ ಮನೆಗಳು ಇದನ್ನು ಗಮನಿಸಬೇಕು.

ಕಾಲ ಕಳೆದಂತೆ ಕಾಯುವವರ ಸರದಿ ಬದಲಾಗುತ್ತದೆ. ನಮ್ಮ ಬಡಾವಣೆಯ ಬಹುಮಹಡಿ ಕಟ್ಟಡಗಳಲ್ಲಿ, ಮಕ್ಕಳು ಪರದೇಶದಲ್ಲಿರುವ ಎಷ್ಟೋ ವೃದ್ಧರು ಒಂದು ದೂರವಾಣಿ ಕರೆಗಾಗಿ ಕಾದಿರುತ್ತಾರೆ. ಮಕ್ಕಳು ಇದೇ ಊರಿನಲ್ಲಿದ್ದೂ ಕಾಯುವವರಿದ್ದಾರೆ. ಇಂಥವರ ನೆರವಿಗೆಂದು ಸಂಸತ್ತು 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ಅಂಗೀಕರಿಸಿತು. ಸ್ವಂತ ಗಳಿಕೆಯಿಂದಾಗಲಿ ಆಸ್ತಿಯಿಂದಾಗಲಿ ಜೀವನ ಸಾಗಿಸಲಾರದ ತಂದೆ ತಾಯಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಮಕ್ಕಳಿಂದ ಜೀವನಾಂಶ ಪಡೆಯಬಹುದು. ಅದರ ಗರಿಷ್ಠ ಮಿತಿಯನ್ನು ಆ ಕಾಯಿದೆಯು ತಿಂಗಳಿಗೆ 10,000 ರೂಪಾಯಿ ಎಂದು ಗೊತ್ತುಪಡಿಸಿತು. ಅದರಲ್ಲಿನ ‘ತಂದೆತಾಯಿ’ ಎಂಬ ಪದವು ಹೆತ್ತವರನ್ನು ಮಾತ್ರವಲ್ಲ, ದತ್ತು ಪಡೆದವರನ್ನೂ ಮಲತಂದೆ ಮಲತಾಯಿಯರನ್ನೂ ಒಳಗೊಳ್ಳುತ್ತದೆ. ಸಾಕಿದವರ ಋಣವನ್ನು ಕಾನೂನೂ ಒಪ್ಪಿಕೊಂಡಂತಾಯಿತು.

ಆದರೆ ಕಾನೂನು ಹಣವನ್ನು ಕೊಡಿಸಬಲ್ಲದೇ ಹೊರತು ಕಾವನ್ನು ಕೊಡಿಸಲಾರದು. ಜ್ವರ ಬಂದ ಮಗುವಿನ ಬಳಿ ರಾತ್ರಿಯಿಡೀ ಕುಳಿತ ತಾಯಿಗೆ ಯಾವ ಆದೇಶವೂ ಬಂದಿರಲಿಲ್ಲ. ಅಂದು ಆಕೆ ಸಲ್ಲಿಸಿದ್ದು ಪೋಷಣೆ. ಇಂದು ಆಕೆಗೆ ಸಲ್ಲಬೇಕಾದುದೂ ಅದೇ.

ಪ್ರಿಯ ಕುಟುಂಬಗಳೇ, ಈ ಭಾನುವಾರ ದಿವ್ಯ ಬಲಿಪೂಜೆ ಮುಗಿಸಿ ಮನೆಗೆ ಮರಳಿದ ಮೇಲೆ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು ಈ ಪದಗಳ ಅರ್ಥವನ್ನು ತಿಳಿಸಿರಿ. ಆ ಮಾತುಕತೆಯಲ್ಲಿ ಅಜ್ಜ ಅಜ್ಜಿಯರೂ ಇರಲಿ. ಅವರು ದೂರದ ಊರಿನಲ್ಲಿದ್ದರೆ, ಮೊದಲು ಅವರಿಗೆ ಕರೆ ಮಾಡಿರಿ. ಅವರು ಕಾಯುತ್ತಿರುತ್ತಾರೆ.