ಪಾಟಿಯ ಮೇಲೆ ಐದು ಮನೆ

ಮಕ್ಕಳೇ, ಬೆರಳು ಮಡಚಿ ಎಣಿಸಿ ನೋಡಿ. ಕ-ಲ-ಬು-ರ-ಗಿ, ಐದು ಅಕ್ಷರ. ನಾನಿರುವ ಬಡಾವಣೆ ಮೋ-ಮಿ-ನ-ಪು-ರ, ಅದೂ ಐದು. ಕೆಂಪು ಬಾಳೆಹಣ್ಣಿಗೆ ಹೆಸರಾದ ಕ-ಮ-ಲಾ-ಪು-ರ, ಅದೂ ಐದೇ. ಆದರೆ ಕಲಬುರಗಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಹತ್ತು ಅಕ್ಷರ ಬೇಕು. ನಮ್ಮ ‘ಬು’ ಒಂದೇ ಅಕ್ಷರ. ಅಲ್ಲಿ ಅದು ಬಿ ಮತ್ತು ಯು ಎಂದು ಎರಡಾಗುತ್ತದೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಓದುವುದಿಲ್ಲ. ನಮ್ಮ ಮಕ್ಕಳು ಸ್ಪೆಲಿಂಗಿಗೆ ಹೆದರುವುದು ಇದಕ್ಕೇ.

ಐದನೆಯ ತರಗತಿಯ ನನ್ನ ಮೊಮ್ಮಗಳಿಗೂ ಈ ಹೆದರಿಕೆ ಇತ್ತು. ಶಬ್ದಗಳನ್ನು ಬಾಯಿಪಾಠ ಮಾಡಿ ಶುಕ್ರವಾರ ಬರೆಯುವಳು, ಸೋಮವಾರಕ್ಕೆ ಮರೆಯುವಳು. ಇಂಗ್ಲಿಷ್ ಪರೀಕ್ಷೆ ಬಂದರೆ ಬೆಳಿಗ್ಗೆಯೇ ಹೊಟ್ಟೆನೋವು. ಬಾಯಿಪಾಠ ಬಿಡಿಸಿ ಆಟ ಹಿಡಿಸಿದೆ. ಪಾಟಿಯ ಮೇಲೆ ಐದು ಮನೆ ಬರೆಯುವುದು. ಒಬ್ಬರು ಐದು ಅಕ್ಷರದ ಇಂಗ್ಲಿಷ್ ಶಬ್ದವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಇನ್ನೊಬ್ಬರು ಅಂಥದೇ ಶಬ್ದ ಬರೆದು ಊಹಿಸುವುದು. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಅದರ ಕೆಳಗೆ ಗೆರೆ, ಬೇರೆ ಮನೆಯದಾದರೆ ಸುತ್ತ ಸೊನ್ನೆ, ಇಲ್ಲವೇ ಇಲ್ಲವಾದರೆ ಕಾಟು. ಆರು ಸಲದೊಳಗೆ ಹೇಳಬೇಕು.

ಇದೇ ಆಟ ಮೊಬೈಲಿನಲ್ಲಿ ‘ವರ್ಡಲ್’ ಎಂದು ಲೋಕಪ್ರಸಿದ್ಧ. ಜೋಶ್ ವಾರ್ಡಲ್ ಎಂಬ ಎಂಜಿನಿಯರ್ ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ್ದು. ಇಂಗ್ಲಿಷಿನ ಸುಮಾರು 12 ಸಾವಿರ ಐದಕ್ಷರದ ಶಬ್ದಗಳಲ್ಲಿ ಜನರಿಗೆ ತಿಳಿದಿರುವಂಥ ಸುಮಾರು 2,500 ಶಬ್ದಗಳನ್ನು ಆ ಸಂಗಾತಿಯೇ ಆರಿಸಿಕೊಟ್ಟರು. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು. ನಮ್ಮ ಪಾಟಿಗೆ ಚಾರ್ಜೂ ಬೇಡ, ನೆಟ್ಟೂ ಬೇಡ.

ಒಂದು ಸಂಜೆ ಕೊನೆಯ ನಾಲ್ಕು ಮನೆಗಳಲ್ಲಿ ಐ-ಜಿ-ಎಚ್-ಟಿ ಎಂದು ನಾನೇ ತುಂಬಿ, ಮೊದಲ ಮನೆ ಖಾಲಿ ಬಿಟ್ಟೆ. ಫೈಟ್, ಲೈಟ್, ಮೈಟ್, ನೈಟ್, ರೈಟ್, ಟೈಟ್ ಎಂದು ಒಂದೊಂದೇ ಬಂದವು. ನೋಟ ಎಂಬ ಅರ್ಥದ ಸೈಟ್ ಕೂಡ ಸೇರಿತು (ಮನೆ ಕಟ್ಟುವ ಸೈಟಿಗೆ ನಾಲ್ಕೇ ಅಕ್ಷರ). ಮೊದಲ ಮನೆಗೆ ಇ ಹಾಕಿದರೆ ಮಾತ್ರ ದನಿ ಬದಲಾಗಿ ಎಯ್ಟ್, ಅಂದರೆ ಎಂಟು. ಲೆಕ್ಕ ಹಾಕಿದರೆ ಶಬ್ದಗಳೂ ಎಂಟು! ಒಂದನ್ನು ಕಲಿತರೆ ಎಂಟು ಕಲಿತಂತೆ.

“ಮುತ್ಯಾ, ಓದಲಾರದ ಜಿ-ಎಚ್ ಯಾಕ ಬರೀಬೇಕು?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮೂರಿನ ಖ್ವಾಜಾ ಬಂದಾನವಾಜರ ಹೆಸರು ಹೇಳುವಾಗ ಉರ್ದು ಬಲ್ಲವರು ಮೊದಲ ಅಕ್ಷರವನ್ನು ಗಂಟಲಿನಲ್ಲಿ ಉಜ್ಜಿ ನುಡಿಯುತ್ತಾರಲ್ಲ, ಸುಮಾರು ಅಂಥದೊಂದು ದನಿ ಹಳೆಯ ಇಂಗ್ಲಿಷಿನಲ್ಲಿತ್ತು. ಅದನ್ನು ತೋರಿಸಲು ಬಂದದ್ದೇ ಈ ಜಿ-ಎಚ್. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಸ್ಪೆಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತ ಹೋಯಿತು. ಬಾಯಿಂದ ಆ ದನಿ ಮಾಯವಾಯಿತು, ಕಾಗದದಲ್ಲಿ ಉಳಿಯಿತು. ಜರ್ಮನ್ ಜನ ರಾತ್ರಿಗೆ ಇಂದಿಗೂ ‘ನಾಖ್ಟ್’ ಎಂದು ಗಂಟಲಿನಿಂದಲೇ ಹೇಳುತ್ತಾರೆ. ಸಂಸ್ಕೃತದ ‘ನಕ್ತ’ ಎಂದರೂ ರಾತ್ರಿಯೇ. ನೈಟ್, ನಾಖ್ಟ್, ನಕ್ತ ಒಂದೇ ಬೇರಿನ ಶಬ್ದಗಳು. ಎಯ್ಟ್ ಮತ್ತು ಅಷ್ಟ ಕೂಡ ಹಾಗೆಯೇ.

ಬ್ಯಾಂಕಿನ ಕೌಂಟರಿನಲ್ಲಿ ಚೆಕ್ಕು ನೋಡಿ ನೋಡಿ ನನಗೆ ಸಿಕ್ಕ ಐದಕ್ಷರದ ಶಬ್ದ ಫಾರ್ಟಿ, ಅಂದರೆ ನಲವತ್ತು. ಫೋರ್‌ನಲ್ಲಿ ಯು ಇದೆ, ಫೋರ್ಟೀನ್‌ನಲ್ಲೂ ಇದೆ, ಫಾರ್ಟಿಯಲ್ಲಿ ಇಲ್ಲ. ಎಷ್ಟೋ ಜನ ಸೇರಿಸಿ ಬರೆಯುತ್ತಿದ್ದರು. ನೆನಪಿಗೊಂದು ಉಪಾಯ: ಎಫ್-ಓ-ಆರ್-ಟಿ-ವೈ, ಐದೂ ಎಬಿಸಿಡಿಯ ಸಾಲಿನಲ್ಲೇ ಬರುತ್ತವೆ. ಇಂಗ್ಲಿಷಿನ ಬೇರೆ ಯಾವ ಸಂಖ್ಯೆಗೂ ಈ ಗುಣವಿಲ್ಲ. ಸಾಲ ಎಂಬ ಅರ್ಥದ ‘ಡೆಟ್’ ಬರೆಯುವಾಗ ನಡುವಿನ ಬಿ ಬಿಟ್ಟುಹೋಗುತ್ತದೆಯೇ? ಡೆಬಿಟ್ ನೆನೆಸಿಕೊಳ್ಳಿ, ಬಿ ತಾನೇ ಬರುತ್ತದೆ. ಎರಡೂ ಲ್ಯಾಟಿನ್ ಭಾಷೆಯ ಒಂದೇ ಮನೆತನದವು.

ಇನ್ನು ಪಾಟಿಯ ಇಂಗ್ಲಿಷ್ ಹೆಸರನ್ನೇ ತೆಗೆದುಕೊಳ್ಳಿ: ಎಸ್-ಎಲ್-ಎ-ಟಿ-ಇ, ಸ್ಲೇಟ್. ಇವೇ ಐದು ಅಕ್ಷರ ಹಿಂದುಮುಂದು ಮಾಡಿದರೆ ಕದಿಯುವ ಸ್ಟೀಲ್, ಹಳಸಿದ ಸ್ಟೇಲ್, ಎಲ್ಲಕ್ಕಿಂತ ಕಡಿಮೆಯ ಲೀಸ್ಟ್, ಕಥೆಗಳಾದ ಟೇಲ್ಸ್.

ಅಜ್ಜ-ಅಜ್ಜಿಯರಿಗೆ ಒಂದು ಮಾತು. ನಮ್ಮ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ಓರಗೆಯವರಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಶಾಲೆ ಕಲಿತವರೇ ಹೆಚ್ಚು. “ಇಂಗ್ಲಿಷ್ ನಮಗ ಬರಂಗಿಲ್ಲ” ಎಂದು ಮೊಮ್ಮಕ್ಕಳ ಪುಸ್ತಕದಿಂದ ದೂರ ಕೂಡುತ್ತೇವೆ. ಹಾಗೆ ಕೂಡಬೇಡಿ. ಎಬಿಸಿಡಿ ಗೊತ್ತಿದ್ದು, ಐದರವರೆಗೆ ಎಣಿಸಲು ಬಂದರೆ ಈ ಆಟಕ್ಕೆ ಸಾಕು. ನಮ್ಮ ಮನೆಯಲ್ಲಿ ಒಂದು ಸರದಿ ಇಂಗ್ಲಿಷ್, ಒಂದು ಸರದಿ ಕನ್ನಡ. ‘ಪುರ’ದಲ್ಲಿ ಮುಗಿಯುವ ಐದಕ್ಷರದ ಊರು ಎಂದಾಗ ವಿಜಯಪುರ ಎಂದು ಮೊದಲು ಕೂಗಿದವಳು ನನ್ನ ಮನೆಯಾಕೆ. ಮೊಮ್ಮಗಳಿಗೆ ಸ್ಪೆಲಿಂಗಿನಲ್ಲಿ ಇನ್ನೂ ಪೂರ್ತಿ ಅಂಕ ಬರುವುದಿಲ್ಲ. ಆದರೆ ಹೊಟ್ಟೆನೋವು ನಿಂತಿದೆ, ಓದಲಾರದ ಅಕ್ಷರ ಕಂಡರೆ “ಇದು ಎಲ್ಲಿಂದ ಬಂತು?” ಎಂದು ಕೇಳುತ್ತಾಳೆ.

ಮಕ್ಕಳೇ, ಈಗ ನಿಮ್ಮ ಸರದಿ. ಎಚ್-ಇ-ಎ-ಆರ್-ಟಿ ಎಂದರೆ ಹೃದಯ. ಕೊನೆಯ ಎಲ್ಲ ಅಕ್ಷರಗಳನ್ನೂ ಬಿಡಿ, ಮೊದಲಿನ ಎಚ್ ಒಂದನ್ನೇ ಎತ್ತಿ ಕೊನೆಯ ಮನೆಯಲ್ಲಿ ಕೂಡಿಸಿ. ನಾವೆಲ್ಲ ನಿಂತಿರುವ ಜಾಗ ಸಿಗುತ್ತದೆ. ಏನದು? ಮೊದಲು ಅಜ್ಜಿಯನ್ನು ಕೇಳಿ.