ಪ್ರಯಾಣದಲ್ಲಿ ಇನ್ಸುಲಿನ್ ಅನ್ನು ಐಸ್ ಮೇಲೆ ಇಡಬೇಕೇ?

ಬೇಸಿಗೆ ರಜೆ, ಮದುವೆ, ಜಾತ್ರೆಯ ದಿನಗಳು ಬಂದರೆ ಸಾಕು, ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಒಂದು ಚಿಂತೆ ಶುರುವಾಗುತ್ತದೆ: ಇನ್ಸುಲಿನ್ ತೆಗೆದುಕೊಂಡು ಹೋಗುವುದು ಹೇಗೆ? "ಫ್ರಿಡ್ಜ್‌ನಿಂದ ಹೊರಗೆ ತೆಗೆದರೆ ಕೆಟ್ಟುಹೋಗುತ್ತದೆ, ಐಸ್ ಗಡ್ಡೆಯ ಮೇಲೇ ಇಡಿ" ಎನ್ನುವವರು ಒಬ್ಬರು. "ಏನೂ ಆಗಲ್ಲ, ಬ್ಯಾಗಿಗೆ ಹಾಕಿ ನಡೀರಿ" ಎನ್ನುವವರು ಇನ್ನೊಬ್ಬರು. ಯಾರ ಮಾತು ಸರಿ?

ಚುಟುಕಾಗಿ ಹೇಳುವುದಾದರೆ, ಇಬ್ಬರದೂ ತಪ್ಪು. ಇನ್ಸುಲಿನ್‌ಗೆ ತಂಪು ಬೇಕು, ಹೆಪ್ಪುಗಟ್ಟುವ ಚಳಿ ಬೇಡ.

ಫ್ರಿಡ್ಜ್ ಯಾವಾಗ ಬೇಕು?

ಡಬ್ಬಿಯ ಮೇಲೆ "2ರಿಂದ 8 ಡಿಗ್ರಿ ಸೆಲ್ಸಿಯಸ್" ಎಂದು ಬರೆದಿರುತ್ತದೆ. ಅದು ಇನ್ನೂ ಬಳಸಲು ಶುರು ಮಾಡದ ಇನ್ಸುಲಿನ್ ಅನ್ನು ತಿಂಗಳುಗಟ್ಟಲೆ ಕಾಪಾಡಲು ಬೇಕಾದ ತಾಪಮಾನ. ಬಳಸುತ್ತಿರುವ ಪೆನ್ ಅಥವಾ ಬಾಟಲಿಯನ್ನು ಹೊರಗೇ ಇಡಬಹುದು. ಹೆಚ್ಚಿನ ಬಗೆಗಳು 25 ಅಥವಾ 30 ಡಿಗ್ರಿ ಒಳಗೆ ಸುಮಾರು 4 ವಾರ ಚೆನ್ನಾಗಿರುತ್ತವೆ. ನಿಖರವಾದ ದಿನ ಮತ್ತು ಡಿಗ್ರಿ ಬಗೆಯಿಂದ ಬಗೆಗೆ ಬೇರೆ, ಡಬ್ಬಿಯೊಳಗಿನ ಚೀಟಿಯಲ್ಲಿ ಇರುತ್ತದೆ. ಹೊರಗೆ ತೆಗೆದ ತಾರೀಖನ್ನು ಪೆನ್ನಿನ ಮೇಲೆ ಬರೆದಿಡಿ. ಮತ್ತೆ ಫ್ರಿಡ್ಜ್‌ಗೆ ಇಟ್ಟರೂ ಆ ಲೆಕ್ಕ ಮೊದಲಿನಿಂದ ಶುರುವಾಗುವುದಿಲ್ಲ.

ಅಂದರೆ 30 ಡಿಗ್ರಿಯ ಬೆಂಗಳೂರಿನಲ್ಲಿ ಒಂದು ದಿನದ ಓಡಾಟಕ್ಕೆ ಹೆದರಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿಗೆ ಹೋಗುವುದಾದರೆ ಮಾತು ಬೇರೆ.

ಐಸ್ ಏಕೆ ಅಪಾಯ?

ಇನ್ಸುಲಿನ್ ಒಂದು ಪ್ರೋಟೀನ್. ಬೇಯಿಸಿದ ಮೊಟ್ಟೆಯ ಬಿಳಿಭಾಗ ಮತ್ತೆ ನೀರಾಗದ ಹಾಗೆ, ಪ್ರೋಟೀನ್ ಒಮ್ಮೆ ಆಕಾರ ಕಳೆದುಕೊಂಡರೆ ಹಿಂದಕ್ಕೆ ಬರುವುದು ಕಷ್ಟ. ಬಿಸಿ ಈ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಹೆಪ್ಪುಗಟ್ಟಿದರೆ ಒಂದೇ ಸಲಕ್ಕೆ ಆಗಿಬಿಡಬಹುದು: ಕಣಗಳು ಗಂಟುಕಟ್ಟುತ್ತವೆ, ಪೆನ್ನಿನೊಳಗಿನ ಗಾಜು ಬಿರುಕು ಬಿಡಬಹುದು, ಡೋಸ್ ಏರುಪೇರಾಗಬಹುದು.

ಮನೆಯ ಫ್ರೀಜರ್ ಸೊನ್ನೆಗಿಂತ ಸುಮಾರು 18 ಡಿಗ್ರಿ ಕೆಳಗಿರುತ್ತದೆ. ಅಲ್ಲಿಂದ ತೆಗೆದ ಐಸ್ ಪ್ಯಾಕ್‌ಗೆ ತಾಗಿಕೊಂಡ ಪೆನ್ ಹೆಪ್ಪುಗಟ್ಟಬಹುದು. ಊರು ತಲುಪುವಷ್ಟರಲ್ಲಿ ಅದು ಕರಗಿ ಮೊದಲಿನ ಹಾಗೇ ಕಾಣುವುದೂ ಉಂಟು. ಮೋಸ ಹೋಗುವುದು ಇಲ್ಲೇ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಅನ್ನು, ಕರಗಿದ ಮೇಲೂ ಬಳಸಬಾರದು.

ಮಡಕೆಯ ನೀರು ಹೇಳುವ ಪಾಠ

ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ, ಅಷ್ಟೇ ನೀರನ್ನು 0ಯಿಂದ 100 ಡಿಗ್ರಿವರೆಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗಿಂತ ಹೆಚ್ಚು. ಮಣ್ಣಿನ ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಈ ಶಾಖವನ್ನು ಮಡಕೆಯಿಂದಲೇ ಎಳೆದುಕೊಳ್ಳುತ್ತದೆ, ಒಳಗಿನದು ತಣ್ಣಗಾಗುತ್ತದೆ. ಈ ವಿಧಾನದಲ್ಲಿ ಹೆಪ್ಪುಗಟ್ಟುವ ಭಯವೇ ಇಲ್ಲ.

ದಾರಿಯಲ್ಲಿ ಇದನ್ನೇ ಹೀಗೆ ಮಾಡಬಹುದು: ಇನ್ಸುಲಿನ್ ಅನ್ನು ನೀರು ಹೋಗದ ಸಣ್ಣ ಕವರಿನಲ್ಲಿ ಹಾಕಿ, ಒದ್ದೆ ಹತ್ತಿ ಬಟ್ಟೆ ಸುತ್ತಿ, ನೆರಳಿನಲ್ಲಿ ಗಾಳಿ ಆಡುವ ಕಡೆ ಇಡಿ. ಬಟ್ಟೆ ಒಣಗಿದಾಗ ಮತ್ತೆ ಒದ್ದೆ ಮಾಡಿ. ಬಟ್ಟೆಯ ಮೇಲೆ ಇನ್ನೊಂದು ಪ್ಲಾಸ್ಟಿಕ್ ಕವರ್ ಕಟ್ಟಬೇಡಿ, ನೀರು ಆವಿಯಾಗದಿದ್ದರೆ ತಂಪೂ ಆಗುವುದಿಲ್ಲ. ಊರು ತಲುಪಿದ ಮೇಲೆ ಫ್ರಿಡ್ಜ್ ಇಲ್ಲದಿದ್ದರೆ ಅಥವಾ ಕರೆಂಟ್ ಕೈಕೊಟ್ಟರೆ, ಒಂದು ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ಒದ್ದೆ ಮಾಡಿ, ಒಳಗಿನ ಮಡಕೆಯಲ್ಲಿ ಔಷಧಿ ಇಟ್ಟು ಮುಚ್ಚಿ.

ಒಂದು ಮಿತಿ ಇದೆ. ಕಲಬುರಗಿಯ ಒಣ ಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಅಷ್ಟು ಪ್ರಯೋಜನವಿಲ್ಲ. ಅಲ್ಲಿಗೆ ಥರ್ಮಾಸ್ ಫ್ಲಾಸ್ಕ್ ಒಳ್ಳೆಯದು: ತಣ್ಣೀರು ತುಂಬಿ ಸ್ವಲ್ಪ ಹೊತ್ತು ಬಿಟ್ಟು, ಚೆಲ್ಲಿ ಒರೆಸಿ, ಫ್ರಿಡ್ಜ್‌ನಿಂದ ತೆಗೆದ ಇನ್ಸುಲಿನ್ ಇಟ್ಟು ಮುಚ್ಚಿ. ಕೆಲವು ಗಂಟೆ ತಂಪಾಗಿರುತ್ತದೆ.

ನೆನಪಿಡಬೇಕಾದ ಐದು ವಿಷಯ

1. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ತಾಪಮಾನ 50 ಡಿಗ್ರಿ ದಾಟಬಹುದು. ಊಟಕ್ಕೆ ಇಳಿದಾಗ ಔಷಧಿಯನ್ನೂ ಜೊತೆಗೆ ಇಳಿಸಿಕೊಳ್ಳಿ. ಬೈಕಿನ ಸೀಟಿನ ಕೆಳಗೆ ಇಡಬೇಡಿ.
2. ಬಸ್ಸಿನಲ್ಲಿ ಲಗೇಜ್ ಡಿಕ್ಕಿಗೆ ಹಾಕಬೇಡಿ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕದೆ, ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ.
3. ಐಸ್ ಪ್ಯಾಕ್ ಬಳಸಲೇಬೇಕಾದರೆ, ಅದು ಬೆವರುವವರೆಗೆ ಹೊರಗೆ ಬಿಟ್ಟು, ದಪ್ಪ ಟವೆಲ್ ಸುತ್ತಿ, ಪೆನ್ನಿಗೆ ನೇರವಾಗಿ ತಾಗದ ಹಾಗೆ ಇಡಿ.
4. ನೆಂಟರ ಮನೆಯ ಫ್ರಿಡ್ಜ್‌ನಲ್ಲಿ ಫ್ರೀಜರ್ ಪಕ್ಕ, ಹಿಂಬದಿಯ ಗೋಡೆಗೆ ತಾಗಿಸಿ ಇಡಬೇಡಿ. ಬಾಗಿಲಿನ ತಟ್ಟೆ ಸಾಕು.
5. ಬೇಕಾದ್ದಕ್ಕಿಂತ ಹೆಚ್ಚು ಒಯ್ದು, ಎರಡು ಕಡೆ ಹಂಚಿಡಿ.

ಕೆಟ್ಟಿದೆ ಎಂದು ಗೊತ್ತಾಗುವುದು ಹೇಗೆ?

ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಬಣ್ಣ ಬದಲಾಗಿದ್ದರೆ ಬಳಸಬೇಡಿ. 30/70ರಂತಹ ಹಾಲುಬಣ್ಣದ ಇನ್ಸುಲಿನ್ ಅನ್ನು ಅಂಗೈಗಳ ನಡುವೆ ಉರುಳಿಸಿದ ಮೇಲೂ ಗಂಟು ಉಳಿದರೆ, ಸೀಸೆಯ ಒಳಗೋಡೆಗೆ ಬಿಳಿ ಪುಡಿ ಅಂಟಿಕೊಂಡಿದ್ದರೆ ಅದೂ ಬೇಡ. ಆದರೆ ಶಕ್ತಿ ಕುಂದಿದ ಇನ್ಸುಲಿನ್ ಕಣ್ಣಿಗೆ ಸರಿಯಾಗಿಯೇ ಕಾಣಬಹುದು. ಹಾಗಾಗಿ ಪ್ರಯಾಣದಲ್ಲಿ ಗ್ಲುಕೋಮೀಟರ್ ಜೊತೆಗಿರಲಿ. ಊಟ, ಡೋಸ್ ಎರಡೂ ಎಂದಿನಂತಿದ್ದು ಸಕ್ಕರೆ ಏರುತ್ತಲೇ ಇದ್ದರೆ ಹೊಸ ಪೆನ್ ತೆರೆಯಿರಿ, ವೈದ್ಯರಿಗೆ ಫೋನ್ ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: "ಕೆಟ್ಟಿರಬಹುದು" ಎಂಬ ಅನುಮಾನಕ್ಕೆ ಡೋಸನ್ನೇ ಬಿಡಬೇಡಿ. ಹತ್ತಿರದ ಔಷಧಿ ಅಂಗಡಿಯಿಂದ ಹೊಸದು ಕೊಳ್ಳಿ. ಟೈಪ್ 1 ಮಧುಮೇಹ ಇರುವ ಮಗುವಿಗೆ ಇನ್ಸುಲಿನ್ ತಪ್ಪಿದರೆ ಒಂದೇ ದಿನದಲ್ಲಿ ಪ್ರಾಣಕ್ಕೆ ಕುತ್ತು ಬರಬಹುದು. ಸಕ್ಕರೆ ಏರಿದಾಗ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

"ಐಸ್ ಮೇಲೆ ಇಡಿ" ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ, ಕಳಿಸಿದವರಿಗೆ ಇಷ್ಟು ಬರೆದರೆ ಸಾಕು: ಮಡಕೆಯಷ್ಟು ತಂಪು ಸಾಕು, ಫ್ರೀಜರ್‌ನಷ್ಟು ಬೇಡ.